ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾ ಮತ್ತು ಕುಡಿಯುವ ನೀರು: ಶಿವಮೊಗ್ಗ ಹಾಗೂ ಭದ್ರಾವತಿ ನಾಗರಿಕರ ಮಾಹಿತಿಗಾಗಿ

ಪೀಠಿಕೆ

ಶಿವಮೊಗ್ಗ ನಗರವು ತುಂಗಾ ನದಿಯನ್ನೂ, ಭದ್ರಾವತಿ ನಗರವು ಭದ್ರಾ ನದಿಯನ್ನೂ ಕುಡಿಯುವ ನೀರಿಗಾಗಿ ಅವಲಂಬಿಸಿರುತ್ತವೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ಈ ಎರಡು ನದಿಗಳು ಕೂಡ್ಲಿಯಲ್ಲಿ ಸಂಗಮಗೊಂಡು, ತುಂಗಭದ್ರೆಯೆಂಬ ಹೆಸರಿನಿಂದ ಹೊನ್ನಾಳಿ, ಹರಿಹರಗಳ ಕಡೆಗೆ ಹರಿಯುತ್ತವೆ. ಶೃಂಗೇರಿ, ತೀರ್ಥಹಳ್ಳಿಗಳನ್ನು ದಾಟಿ ಬಂದ ನೀರು ಶಿವಮೊಗ್ಗಕ್ಕೆ ಕಚ್ಚಾ ನೀರಾಗುತ್ತದೆ. ಶಿವಮೊಗ್ಗ ಮತ್ತು ಭದ್ರಾವತಿಗಳು ಬಳಸಿ ಬಿಟ್ಟ ನೀರು ಕೂಡ್ಲಿಯ ಕೆಳಗಿನ ಊರುಗಳಿಗೆ ಕಚ್ಚಾ ನೀರಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ರಾಜ್ಯದ 17 ಮಲಿನ ನದಿಪಾತ್ರಗಳ ಪಟ್ಟಿಯಲ್ಲಿ ತುಂಗಾ, ಭದ್ರಾ ಮತ್ತು ತುಂಗಭದ್ರಾ ಮೂರೂ ಸೇರಿದ್ದವು. ತುಂಗೆಯ ದಡದಲ್ಲಿಯೇ ಇರುವ ಕೋಟೆಯಂತಹ ಹಳೆಯ ಪ್ರದೇಶಗಳ ನಿವಾಸಿಗಳಿಗೆ ನದಿಯ ಸ್ಥಿತಿಗತಿಯು ಪ್ರತಿದಿನ ಕಣ್ಣೆದುರಿಗೇ ಇರುವ ಸಂಗತಿಯಾಗಿದೆ.

ಹೊಸ ನಳ ಸಂಪರ್ಕಕ್ಕೆ, ನೀರಿನ ಮಾದರಿ ಪರೀಕ್ಷೆಗೆ ಅಥವಾ ಕಲುಷಿತ ನೀರಿನ ದೂರಿಗೆ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಸಹಜವಾಗಿ ಏಳುವ ಒಂದು ಪ್ರಶ್ನೆಯಿದೆ. ಆಸ್ಪತ್ರೆಗಳಲ್ಲಿ ಔಷಧಕ್ಕೆ ಬಗ್ಗದ ಸೋಂಕುಗಳು ಹೆಚ್ಚುತ್ತಿವೆ ಎನ್ನಲಾಗುತ್ತಿದೆ; ಅವುಗಳಿಗೂ ನಮ್ಮ ಮನೆಯ ನಳದ ನೀರಿಗೂ ಸಂಬಂಧವಿದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಇಂದು ಬಳಕೆಯಲ್ಲಿರುವ ಪ್ರಮುಖ ಸಾಧನವೆಂದರೆ ಬ್ಯಾಕ್ಟೀರಿಯಾಗಳ ವಂಶವಾಹಿ ಅಧ್ಯಯನ. ಅಂತಹ ಅಧ್ಯಯನಗಳಿಂದ ತಿಳಿದುಬಂದಿರುವುದೇನು, ಅವುಗಳ ಮಿತಿಯೇನು, ಅರ್ಜಿದಾರರು ಕೈಗೊಳ್ಳಬಹುದಾದ ಕ್ರಮಗಳೇನು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ಔಷಧ ನಿರೋಧಕತೆ ಎಂದರೇನು?

ಆಂಟಿಬಯೋಟಿಕ್ ಎಂದು ರೂಢಿಯಲ್ಲಿ ಕರೆಯಲಾಗುವ ಪ್ರತಿಜೈವಿಕ ಔಷಧಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ಈ ಔಷಧಗಳ ಎದುರು ಬದುಕುಳಿಯುವ ಸಾಮರ್ಥ್ಯವನ್ನು ಬ್ಯಾಕ್ಟೀರಿಯಾ ಪಡೆದುಕೊಂಡಾಗ ಅದನ್ನು ಔಷಧ ನಿರೋಧಕತೆ ಎನ್ನುತ್ತಾರೆ. "ಶರೀರಕ್ಕೆ ಔಷಧ ಒಗ್ಗಿಹೋಗಿದೆ" ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇದು ಸರಿಯಲ್ಲ. ಒಗ್ಗಿಕೊಂಡಿರುವುದು ರೋಗಿಯ ಶರೀರವಲ್ಲ, ರೋಗಾಣು. ಆದುದರಿಂದಲೇ ಜೀವಮಾನದಲ್ಲಿ ಒಮ್ಮೆಯೂ ಪ್ರತಿಜೈವಿಕ ಔಷಧ ಸೇವಿಸದ ಎಳೆಯ ಮಗುವಿಗೂ ನಿರೋಧಕ ಸೋಂಕು ತಗುಲಬಹುದಾಗಿದೆ.

ನಿರೋಧಕತೆಯ ಸೂಚನೆಯು ಬ್ಯಾಕ್ಟೀರಿಯಾದ ವಂಶವಾಹಿಗಳಲ್ಲಿ ಅಡಗಿರುತ್ತದೆ. ಅನೇಕ ವೇಳೆ ಈ ವಂಶವಾಹಿಗಳು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದ ಮೇಲೆ ಇರುತ್ತವೆ. ಒಂದು ಬ್ಯಾಕ್ಟೀರಿಯಾ ತನ್ನ ಪ್ಲಾಸ್ಮಿಡ್‌ನ ಪ್ರತಿಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ, ಅದು ಬೇರೆ ಜಾತಿಯದಾಗಿದ್ದರೂ, ವರ್ಗಾಯಿಸಬಲ್ಲದು. ಚರಂಡಿ ನೀರು, ಆಸ್ಪತ್ರೆಯ ತ್ಯಾಜ್ಯ ನೀರು ಮತ್ತು ಮನುಷ್ಯರ ಕರುಳು ಇಂತಹ ವರ್ಗಾವಣೆಗೆ ಅನುಕೂಲವಾದ ಸ್ಥಳಗಳಾಗಿರುತ್ತವೆ.

ಸಮಸ್ಯೆಯ ಗಾತ್ರವನ್ನು ತಿಳಿಯಲು ಜಾಗತಿಕ ಅಂದಾಜೊಂದನ್ನು ಗಮನಿಸಬಹುದು. 2022ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕಾಚಾರದಂತೆ, 2019ನೇ ಸಾಲಿನಲ್ಲಿ ವಿಶ್ವದಾದ್ಯಂತ ಸುಮಾರು 12.7 ಲಕ್ಷ ಮರಣಗಳಿಗೆ ಬ್ಯಾಕ್ಟೀರಿಯಾಗಳ ಔಷಧ ನಿರೋಧಕತೆಯೇ ನೇರ ಕಾರಣವಾಗಿತ್ತು, ಸುಮಾರು 49.5 ಲಕ್ಷ ಮರಣಗಳಲ್ಲಿ ಅದರ ಪಾತ್ರವಿತ್ತು.

2. ನಳದ ನೀರಿನಲ್ಲಿ ನಿರೋಧಕ ವಂಶವಾಹಿ: ದೆಹಲಿಯ ಅಧ್ಯಯನ

ಭಾರತದಲ್ಲಿ ಈ ವಿಷಯವು ವ್ಯಾಪಕ ಚರ್ಚೆಗೆ ಬಂದದ್ದು ಎನ್‌ಡಿಎಂ-1 ಎಂಬ ವಂಶವಾಹಿಯ ಕಾರಣದಿಂದ. ದೆಹಲಿಯ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರ ಬ್ಯಾಕ್ಟೀರಿಯಾದಲ್ಲಿ ಇದನ್ನು ಮೊದಲು ಗುರುತಿಸಿ, 2009ರಲ್ಲಿ ವರದಿ ಮಾಡಲಾಯಿತು. ಕಾರ್ಬಪೆನಮ್ ಎಂಬ ಉನ್ನತ ಶ್ರೇಣಿಯ ಔಷಧಗಳನ್ನೂ ಇದು ನಿಷ್ಫಲಗೊಳಿಸುತ್ತದೆ. ವಂಶವಾಹಿಗೆ ನವದೆಹಲಿಯ ಹೆಸರಿಟ್ಟಿದ್ದಕ್ಕೆ ಭಾರತವು ಆಗ ಆಕ್ಷೇಪ ವ್ಯಕ್ತಪಡಿಸಿತ್ತು.

2010ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ದೆಹಲಿಯ 50 ಕುಡಿಯುವ ನೀರಿನ ಮಾದರಿಗಳನ್ನೂ, ಬೀದಿಗಳಲ್ಲಿ ಹಾಗೂ ಹಳ್ಳಗಳಲ್ಲಿ ನಿಂತ 171 ನೀರಿನ ಮಾದರಿಗಳನ್ನೂ ಸಂಗ್ರಹಿಸಿ ಪರೀಕ್ಷಿಸಲಾಯಿತು. 2011ರಲ್ಲಿ ಪ್ರಕಟವಾದ ಫಲಿತಾಂಶಗಳು ಹೀಗಿವೆ:

ಅ) 50 ಕುಡಿಯುವ ನೀರಿನ ಮಾದರಿಗಳ ಪೈಕಿ 2ರಲ್ಲಿ ಎನ್‌ಡಿಎಂ-1 ವಂಶವಾಹಿ ಪತ್ತೆಯಾಯಿತು.

ಆ) 171 ನಿಂತ ನೀರಿನ ಮಾದರಿಗಳ ಪೈಕಿ 51ರಲ್ಲಿ ವಂಶವಾಹಿ ಪತ್ತೆಯಾಯಿತು, ಆದರೆ 12 ಮಾದರಿಗಳಿಂದ ಮಾತ್ರ ಅದನ್ನು ಹೊತ್ತ ಜೀವಂತ ಬ್ಯಾಕ್ಟೀರಿಯಾವನ್ನು ಬೆಳೆಸಲು ಸಾಧ್ಯವಾಯಿತು.

ಇ) ಕಾಲರಾ ಮತ್ತು ಆಮಶಂಕೆ ಉಂಟುಮಾಡುವ ಬ್ಯಾಕ್ಟೀರಿಯಾಗಳಲ್ಲಿಯೂ ಈ ವಂಶವಾಹಿ ಕಂಡುಬಂದಿತು.

ಈ) ಬ್ಯಾಕ್ಟೀರಿಯಾಗಳ ನಡುವೆ ವಂಶವಾಹಿಯ ವರ್ಗಾವಣೆಯು ಮನುಷ್ಯ ಶರೀರದ 37 ಡಿಗ್ರಿ ಉಷ್ಣಾಂಶಕ್ಕಿಂತ 30 ಡಿಗ್ರಿ ಉಷ್ಣಾಂಶದಲ್ಲಿ ಹೆಚ್ಚಾಗಿ ನಡೆಯಿತು. ವರ್ಷದ ಬಹುಭಾಗ ನಮ್ಮ ಚರಂಡಿ ಮತ್ತು ಕೆರೆಕಟ್ಟೆಗಳ ನೀರು ಈ ಉಷ್ಣಾಂಶದ ಆಸುಪಾಸಿನಲ್ಲಿಯೇ ಇರುತ್ತದೆ.

51 ಮತ್ತು 12 ಎಂಬ ಸಂಖ್ಯೆಗಳ ನಡುವಿನ ಅಂತರವನ್ನು ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕು. ವಂಶವಾಹಿ ಪರೀಕ್ಷೆಯು ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕನ್ನೂ ಪತ್ತೆಹಚ್ಚುತ್ತದೆ. ಆದುದರಿಂದ "ವಂಶವಾಹಿ ಪತ್ತೆ" ಎಂಬ ಸುದ್ದಿಯನ್ನು "ಜೀವಂತ ರೋಗಾಣು ಪತ್ತೆ" ಎಂದು ಓದತಕ್ಕದ್ದಲ್ಲ. ಹಾಗೆಂದು ಅದನ್ನು ಕಡೆಗಣಿಸುವಂತೆಯೂ ಇಲ್ಲ. ಮಲದ ಅಂಶ ಬೆರೆತ ನೀರು ಆ ದಾರಿಯಾಗಿ ಹಾದುಹೋಗಿದೆ ಎಂಬುದಕ್ಕೆ ಅದು ಬಲವಾದ ಸುಳಿವಾಗಿರುತ್ತದೆ.

3. ರೋಗಿ ಮತ್ತು ನೀರಿನ ನಡುವಣ ಸಂಬಂಧವನ್ನು ಪತ್ತೆಹಚ್ಚುವ ವಿಧಾನ

ರೋಗಿಯ ಮೂತ್ರ, ರಕ್ತ ಅಥವಾ ಮಲದ ಮಾದರಿಯಿಂದ ಮತ್ತು ನೀರಿನ ಮಾದರಿಯಿಂದ ಬ್ಯಾಕ್ಟೀರಿಯಾಗಳನ್ನು ಪ್ರತ್ಯೇಕವಾಗಿ ಬೆಳೆಸಲಾಗುತ್ತದೆ. ಔಷಧ ಲೇಪಿತ ಸಣ್ಣ ಬಿಲ್ಲೆಗಳನ್ನಿಟ್ಟು ಯಾವ ಔಷಧಕ್ಕೆ ಅವು ಮಣಿಯುತ್ತವೆ, ಯಾವುದಕ್ಕೆ ಮಣಿಯುವುದಿಲ್ಲ ಎಂಬುದನ್ನು ನೋಡಲಾಗುತ್ತದೆ. ಅನಂತರ ಪಿಸಿಆರ್ ವಿಧಾನದಿಂದ ನಿರ್ದಿಷ್ಟ ನಿರೋಧಕ ವಂಶವಾಹಿಯನ್ನು ಹುಡುಕಲಾಗುತ್ತದೆ. ಕೊನೆಯ ಹಂತವೆಂದರೆ ಬ್ಯಾಕ್ಟೀರಿಯಾದ ಪೂರ್ಣ ವಂಶವಾಹಿ ಸಮೂಹವನ್ನು ಓದುವುದು. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಇದು ಸುಮಾರು 50 ಲಕ್ಷ ಅಕ್ಷರಗಳ ಒಂದು ಗ್ರಂಥವಿದ್ದಂತೆ.

ರೋಗಿಯ ಮತ್ತು ನಳದ ಬ್ಯಾಕ್ಟೀರಿಯಾಗಳ ನಡುವೆ ಕೆಲವೇ ಅಕ್ಷರಗಳ ವ್ಯತ್ಯಾಸವಿದ್ದಲ್ಲಿ ಅವೆರಡೂ ಇತ್ತೀಚಿನ ಒಂದೇ ಮೂಲದಿಂದ ಬಂದಿರುವ ಸಾಧ್ಯತೆ ಹೆಚ್ಚು. ಸಾವಿರಾರು ಅಕ್ಷರಗಳ ವ್ಯತ್ಯಾಸವಿದ್ದಲ್ಲಿ, ಎರಡೂ ಒಂದೇ ಔಷಧಕ್ಕೆ ನಿರೋಧಕವಾಗಿದ್ದರೂ, ಅವು ಹತ್ತಿರದ ಸಂಬಂಧಿಗಳಲ್ಲ. ಮೂರನೆಯ ಸಾಧ್ಯತೆಯೂ ಇದೆ: ಬ್ಯಾಕ್ಟೀರಿಯಾಗಳು ಬೇರೆ ಬೇರೆಯಾಗಿದ್ದು, ಅವು ಹೊತ್ತಿರುವ ಪ್ಲಾಸ್ಮಿಡ್ ಮಾತ್ರ ಒಂದೇ ಆಗಿರಬಹುದು. ಆಗ ಹರಡಿರುವುದು ರೋಗಾಣುವಲ್ಲ, ನಿರೋಧಕತೆಯ ಸೂಚನೆ ಎಂದು ಅರ್ಥೈಸಲಾಗುತ್ತದೆ.

ನೀರಿನಿಂದ ರೋಗಿಗೆ ಬಂದಿತೋ, ರೋಗಿಯಿಂದ ಚರಂಡಿಯ ಮೂಲಕ ನೀರಿಗೆ ಸೇರಿತೋ ಎಂಬ ದಿಕ್ಕನ್ನು ಕೇವಲ ಸಾಮ್ಯವು ಹೇಳುವುದಿಲ್ಲ. ಅದಕ್ಕೆ ಎರಡೂ ಕಡೆಯ ಮಾದರಿಗಳನ್ನು ಒಂದೇ ಅವಧಿಯಲ್ಲಿ, ದಿನಾಂಕ ಮತ್ತು ಬಡಾವಣೆಯ ವಿವರದೊಂದಿಗೆ, ಮತ್ತೆ ಮತ್ತೆ ಸಂಗ್ರಹಿಸಬೇಕಾಗುತ್ತದೆ. ದೆಹಲಿಯ ಮೇಲ್ಕಂಡ ಅಧ್ಯಯನವು ನೀರನ್ನು ಮಾತ್ರ ಪರೀಕ್ಷಿಸಿತ್ತು. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಕೇಂದ್ರ ಸಂಶೋಧನಾ ಪ್ರಯೋಗಾಲಯವು ಅಂತರರಾಷ್ಟ್ರೀಯ ಸಹಯೋಗದಲ್ಲಿ ನಡೆಸಿ, 2021ರಲ್ಲಿ ಪ್ರಕಟಿಸಿದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಬ್ಯಾಕ್ಟೀರಿಯಾದ ವಂಶವಾಹಿ ಅಧ್ಯಯನವು ರೋಗಿಗಳಿಂದ ದೊರೆತ ಮಾದರಿಗಳನ್ನು ಆಧರಿಸಿತ್ತು. ಎರಡೂ ಮೌಲಿಕವಾದವು, ಆದರೆ ಒಂದು ನಿರ್ದಿಷ್ಟ ನಳವನ್ನೂ ಒಬ್ಬ ನಿರ್ದಿಷ್ಟ ರೋಗಿಯನ್ನೂ ಜೋಡಿಸಿ ತೋರಿಸುವುದು ಅವುಗಳ ವ್ಯಾಪ್ತಿಯಲ್ಲಿರಲಿಲ್ಲ.

4. ಶುದ್ಧೀಕರಣ ಘಟಕದಿಂದ ನಳದವರೆಗೆ: ಹುಬ್ಬಳ್ಳಿ-ಧಾರವಾಡದ ಅನುಭವ

ನದಿಯ ನೀರು ಮಲಿನವಾಗಿದ್ದರೂ ಶುದ್ಧೀಕರಣ ಘಟಕದಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಕಳುಹಿಸಲಾಗುತ್ತದೆಯಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ನಡೆದ ಅಧ್ಯಯನದಲ್ಲಿ ಉತ್ತರವಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ಬಡಾವಣೆಗಳಿಗೆ ದಿನದ 24 ಗಂಟೆಯೂ, ಉಳಿದವುಗಳಿಗೆ ಕೆಲವು ದಿನಗಳಿಗೊಮ್ಮೆ ಕೆಲವು ಗಂಟೆಗಳ ಕಾಲವೂ ನೀರು ಪೂರೈಕೆಯಾಗುತ್ತಿದ್ದ ಸಂದರ್ಭದಲ್ಲಿ ಎರಡೂ ಕಡೆಯ ನೀರನ್ನು ಹೋಲಿಸಿ ನೋಡಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಿರಂತರ ಪೂರೈಕೆಯ ನಳಗಳಿಂದ ಪಡೆದ ಮಾದರಿಗಳಲ್ಲಿ ಶೇ. 0.7ರಷ್ಟರಲ್ಲಿ ಮಾತ್ರ ಇ. ಕೋಲೈ ಕಂಡುಬಂದರೆ, ಬಿಟ್ಟುಬಿಟ್ಟು ಪೂರೈಕೆಯಾಗುವ ನಳಗಳ ಮಾದರಿಗಳಲ್ಲಿ ಶೇ. 31.7ರಷ್ಟರಲ್ಲಿ ಕಂಡುಬಂದಿತು. ಬಿಟ್ಟುಬಿಟ್ಟು ಪೂರೈಕೆಯಿದ್ದ ಕಡೆ ಮಳೆಗಾಲದಲ್ಲಿ ಸ್ಥಿತಿ ಇನ್ನಷ್ಟು ಕೆಟ್ಟಿತು.

ಕಾರಣ ಸರಳವಾಗಿದೆ. ಕೊಳವೆಯಲ್ಲಿ ನೀರಿನ ಒತ್ತಡವಿರುವಾಗ ಸೀಳುಗಳಿಂದ ನೀರು ಹೊರಕ್ಕೆ ಸೋರುತ್ತದೆ. ಪೂರೈಕೆ ನಿಂತು ಒತ್ತಡ ಇಳಿದಾಗ ಅದೇ ಸೀಳುಗಳಿಂದ ಸುತ್ತಲಿನ ಚರಂಡಿಯ ನೀರು ಒಳಕ್ಕೆ ಸೇರುತ್ತದೆ. ಘಟಕದಲ್ಲಿ ಬೆರೆಸಿದ ಕ್ಲೋರಿನ್ ಅಂಶವು ಈ ಹೊಸ ಕೊಳೆಯನ್ನು ನಿಭಾಯಿಸುವಷ್ಟು ಉಳಿದಿರುವುದಿಲ್ಲ.

ಅದೇ ಅವಳಿ ನಗರದಲ್ಲಿ 3,922 ಕುಟುಂಬಗಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಲಾದ ಇನ್ನೊಂದು ಅಧ್ಯಯನದಲ್ಲಿ, ನಿರಂತರ ಪೂರೈಕೆಯಿದ್ದ ಬಡಾವಣೆಗಳಲ್ಲಿ ಟೈಫಾಯಿಡ್ ವರದಿ ಮಾಡಿದ ಕುಟುಂಬಗಳ ಪ್ರಮಾಣವು ಶೇ. 42ರಷ್ಟು ಕಡಿಮೆಯಿತ್ತು, ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆಯಿತ್ತು. ಸಾಮಾನ್ಯ ಭೇದಿಯಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ; ಅದಕ್ಕೆ ನೀರಿನ ಹೊರತಾಗಿ ಇತರ ಕಾರಣಗಳೂ ಇರುತ್ತವೆ.

ಇವು ಔಷಧ ನಿರೋಧಕತೆಯ ಅಧ್ಯಯನಗಳಲ್ಲ. ಆದರೂ ಅವುಗಳ ಮಹತ್ವ ಇಲ್ಲಿಯೇ ಇದೆ. ಟೈಫಾಯಿಡ್ ಮತ್ತು ರಕ್ತಭೇದಿಗಳು ಪ್ರತಿಜೈವಿಕ ಔಷಧ ಬೇಡುವ ಕಾಯಿಲೆಗಳು. ತಪ್ಪಿದ ಪ್ರತಿಯೊಂದು ಟೈಫಾಯಿಡ್ ಪ್ರಕರಣವೂ ಬಳಸದೆ ಉಳಿದ ಒಂದು ಔಷಧ ಸರಣಿಯಾಗಿರುತ್ತದೆ. ಕೊಳವೆಯ ದುರಸ್ತಿಯು ಔಷಧಗಳ ಸಾಮರ್ಥ್ಯವನ್ನು ಉಳಿಸುವ ಕಾರ್ಯವೂ ಹೌದು.

5. ಶಿವಮೊಗ್ಗ ಮತ್ತು ಭದ್ರಾವತಿಗೆ ಇದರ ಅನ್ವಯ

ಈ ಎರಡು ನಗರಗಳ ಭೌಗೋಳಿಕ ಸ್ಥಿತಿಯು ಜಂಟಿ ಅಧ್ಯಯನಕ್ಕೆ ಅನುಕೂಲಕರವಾಗಿದೆ. ಸಮೀಪದ ಎರಡು ನಗರಗಳು, ಎರಡು ಪ್ರತ್ಯೇಕ ನದಿಗಳು, ಕೆಳಗೆ ಒಂದೇ ಸಂಗಮ. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆಗೆ ನೆರೆಯ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯವಿದೆ. ಗಾಜನೂರಿನ ಮೇಲ್ಭಾಗ, ಶುದ್ಧೀಕರಣ ಘಟಕದ ಹೊರಹರಿವು, ಬಡಾವಣೆಯ ನಳ, ಚರಂಡಿಯ ಕೊನೆ ಮತ್ತು ಕೂಡ್ಲಿ ಎಂಬ ಐದು ಕಡೆಗಳಲ್ಲಿ ನೀರಿನ ಮಾದರಿ ಪಡೆದು, ಅದೇ ವಾರಗಳಲ್ಲಿ ಆಸ್ಪತ್ರೆಗೆ ಬಂದ ರೋಗಿಗಳ ಬ್ಯಾಕ್ಟೀರಿಯಾಗಳೊಂದಿಗೆ ಹೋಲಿಸಿದಲ್ಲಿ, ನಿರೋಧಕತೆಯು ಯಾವ ಹಂತದಲ್ಲಿ ಸೇರಿಕೊಳ್ಳುತ್ತದೆ ಎಂಬುದು ತಿಳಿಯುತ್ತದೆ. ಘಟಕದ ಹೊರಹರಿವಿನಲ್ಲಿ ಇಲ್ಲದ್ದು ನಳದಲ್ಲಿ ಕಂಡರೆ ಕೊಳವೆ ಮಾರ್ಗವನ್ನು ದುರಸ್ತಿ ಮಾಡಬೇಕು. ಘಟಕದಲ್ಲಿಯೇ ಕಂಡರೆ ಶುದ್ಧೀಕರಣವನ್ನು ಬಲಪಡಿಸಬೇಕು. ರೋಗಿಗಳಲ್ಲಿ ಮಾತ್ರ ಕಂಡರೆ ಆಸ್ಪತ್ರೆಗಳ ಸೋಂಕು ನಿಯಂತ್ರಣ ಮತ್ತು ಔಷಧ ಬಳಕೆಯ ಕಡೆ ಗಮನ ಹರಿಸಬೇಕು. ಇವು ಮೂರೂ ಬೇರೆ ಬೇರೆ ವೆಚ್ಚದ, ಬೇರೆ ಬೇರೆ ಇಲಾಖೆಗಳಿಗೆ ಸೇರಿದ ಕೆಲಸಗಳು. ವಂಶವಾಹಿ ಅಧ್ಯಯನದ ನಿಜವಾದ ಪ್ರಯೋಜನವೆಂದರೆ ಯಾವುದನ್ನು ಮೊದಲು ಮಾಡಬೇಕೆಂದು ತೋರಿಸುವುದು.

ರಾಯಚೂರಿನಲ್ಲಿ 2022ರಲ್ಲಿ ಮತ್ತು ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರಲ್ಲಿ ಕಲುಷಿತ ನೀರು ಸೇವನೆಯಿಂದ ಜೀವಹಾನಿ ಸಂಭವಿಸಿದ ಘಟನೆಗಳು ಸಾರ್ವಜನಿಕರ ನೆನಪಿನಲ್ಲಿವೆ. ಅಂತಹ ಸಂದರ್ಭದಲ್ಲಿ ರೋಗಾಣುವು ಸಾಮಾನ್ಯ ಔಷಧಕ್ಕೂ ಮಣಿಯದಿದ್ದಲ್ಲಿ ಹಾನಿಯು ಇನ್ನೂ ಹೆಚ್ಚಾಗುತ್ತದೆ.

6. ಜಾರಿಯಲ್ಲಿರುವ ನಿಯಮಗಳು ಮತ್ತು ಅವುಗಳ ಮಿತಿ

ಅ) ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ 100 ಮಿಲಿ ಲೀಟರ್ ನೀರಿನಲ್ಲಿ ಇ. ಕೋಲೈ ಪತ್ತೆಯಾಗಕೂಡದು. ಕ್ಲೋರಿನ್ ಬಳಸಿದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿ ಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ನಿರೋಧಕ ವಂಶವಾಹಿಗಳಿಗೆ ಈ ಮಾನಕದಲ್ಲಿ ಮಿತಿ ನಿಗದಿಯಾಗಿರುವುದಿಲ್ಲ.

ಆ) ಔಷಧ ಕಾರ್ಖಾನೆಗಳ ತ್ಯಾಜ್ಯ ನೀರಿನಲ್ಲಿ ಪ್ರತಿಜೈವಿಕ ಔಷಧದ ಶೇಷಾಂಶಕ್ಕೆ ಮಿತಿ ವಿಧಿಸುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯವು 2020ರ ಜನವರಿಯಲ್ಲಿ ಪ್ರಕಟಿಸಿತ್ತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಸೇರ್ಪಡೆಯಾಗಲಿಲ್ಲ.

ಇ) 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಹೆಚ್-1 ಅನುಸೂಚಿಯಂತೆ, ಅದರಲ್ಲಿ ಸೇರಿದ ಪ್ರತಿಜೈವಿಕ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಾಟಗಾರರು ಪ್ರತ್ಯೇಕ ವಹಿಯನ್ನು ನಿರ್ವಹಿಸಿ ಮೂರು ವರ್ಷ ಕಾಯ್ದಿರಿಸತಕ್ಕದ್ದು.

ಈ) ಆಹಾರಕ್ಕಾಗಿ ಸಾಕುವ ಪ್ರಾಣಿಗಳು ಮತ್ತು ಕೋಳಿಗಳಿಗೆ ಕೊಲಿಸ್ಟಿನ್ ಔಷಧದ ಬಳಕೆಯನ್ನು 2019ರ ಜುಲೈನಲ್ಲಿ ನಿಷೇಧಿಸಲಾಗಿದೆ.

ಉ) ಔಷಧ ನಿರೋಧಕತೆಯ ವಿರುದ್ಧ ಮೊದಲ ರಾಷ್ಟ್ರೀಯ ಕ್ರಿಯಾ ಯೋಜನೆಯು 2017ರಿಂದ 2021ರವರೆಗಿನ ಅವಧಿಗೆ ಸಂಬಂಧಿಸಿತ್ತು. 2025ರಿಂದ 2029ರವರೆಗಿನ ಎರಡನೆಯ ಯೋಜನೆಯನ್ನು 2025ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಲಾಗಿದೆ.

7. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ನೀರಿನ ಮಾದರಿ ಪರೀಕ್ಷೆಗೆ ಅರ್ಜಿ ಸಲ್ಲಿಸುವವರು ರಾಸಾಯನಿಕ ಪರೀಕ್ಷೆಯೋ, ಬ್ಯಾಕ್ಟೀರಿಯಾ ಪರೀಕ್ಷೆಯೋ ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಮೊದಲನೆಯದರಲ್ಲಿ ಉತ್ತಮ ಫಲಿತಾಂಶ ಬಂದ ಮಾತ್ರಕ್ಕೆ ನೀರು ರೋಗಾಣುಮುಕ್ತವೆಂದು ಭಾವಿಸಬಾರದು.

ಆ) ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯವು ನೀಡುವ ಕ್ರಿಮಿಶುದ್ಧ ಬಾಟಲಿಯನ್ನೇ ಬಳಸಬೇಕು. ಕ್ಲೋರಿನ್ ಅನ್ನು ತಟಸ್ಥಗೊಳಿಸುವ ರಾಸಾಯನಿಕವು ಅದರಲ್ಲಿರುವುದರಿಂದ ಬಾಟಲಿಯನ್ನು ತೊಳೆಯಬಾರದು. ಮಾರುಕಟ್ಟೆಯ ನೀರಿನ ಬಾಟಲಿಯಲ್ಲಿ ತಂದ ಮಾದರಿಯ ಫಲಿತಾಂಶವು ದಾರಿತಪ್ಪಿಸಬಹುದು. ಮಾದರಿಯನ್ನು ತಂಪಾಗಿರಿಸಿ, 24 ಗಂಟೆಯೊಳಗೆ ತಲುಪಿಸಬೇಕು.

ಇ) ಮಾದರಿ ಪಡೆದ ದಿನಾಂಕ, ಸಮಯ, ಪೂರೈಕೆ ಆರಂಭವಾಗಿ ಎಷ್ಟು ಹೊತ್ತಾಗಿತ್ತು, ನಳದಿಂದ ನೇರವಾಗಿ ಪಡೆದದ್ದೋ ಅಥವಾ ತೊಟ್ಟಿಯಿಂದಲೋ ಎಂಬ ವಿವರಗಳನ್ನು ಬರೆದಿಡಬೇಕು. ಈ ವಿವರಗಳಿಲ್ಲದ ಫಲಿತಾಂಶದಿಂದ ದೋಷದ ಸ್ಥಳವನ್ನು ಗುರುತಿಸಲಾಗದು.

ಈ) ಗ್ರಾಮೀಣ ಪ್ರದೇಶದವರು ಜಲ ಜೀವನ್ ಮಿಷನ್ ಅಡಿಯಲ್ಲಿ 2021ರಿಂದ ಸಾರ್ವಜನಿಕರಿಗೂ ತೆರೆಯಲಾದ ನೀರು ಪರೀಕ್ಷಾ ಪ್ರಯೋಗಾಲಯಗಳನ್ನು ಸಂಪರ್ಕಿಸಬಹುದಾಗಿದೆ.

ಉ) ಕಲುಷಿತ ನೀರಿನ ಬಗ್ಗೆ ದೂರನ್ನು ಲಿಖಿತವಾಗಿ ನೀಡಿ, ಸ್ವೀಕೃತಿ ಪಡೆಯಬೇಕು. ಒಂದೇ ಬೀದಿಯ ಹಲವು ಮನೆಗಳಲ್ಲಿ ಜ್ವರ ಅಥವಾ ಭೇದಿ ಇದ್ದಲ್ಲಿ ಅದನ್ನು ದೂರಿನಲ್ಲಿಯೇ ತಿಳಿಸಿ, ಸಮೀಪದ ಆರೋಗ್ಯ ಕೇಂದ್ರದ ಗಮನಕ್ಕೂ ತರಬೇಕು. ಪರೀಕ್ಷಾ ವರದಿಗಳ ಪ್ರತಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು.

ಊ) ಹೊಸ ನಳ ಸಂಪರ್ಕ ಪಡೆಯುವವರು ಮನೆಯ ಕೊಳವೆಯು ಚರಂಡಿಯೊಳಗಿಂದ ಹಾದುಹೋಗದಂತೆ ನೋಡಿಕೊಳ್ಳಬೇಕು. ಮುಖ್ಯ ಕೊಳವೆಗೆ ನೇರವಾಗಿ ಪಂಪು ಜೋಡಿಸಿ ನೀರೆಳೆಯಬಾರದು; ಹಾಗೆ ಮಾಡಿದಲ್ಲಿ ಕೊಳವೆಯ ಒತ್ತಡ ಕುಸಿದು, ಇಡೀ ಬೀದಿಯ ನೀರಿಗೆ ಕೊಳೆ ಸೇರಬಹುದು.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಿರೋಧಕ ಬ್ಯಾಕ್ಟೀರಿಯಾಗಳು ಕುದಿಸಿದರೆ ಸಾಯುತ್ತವೆಯೇ?
ಉತ್ತರ: ಹೌದು. ಔಷಧಕ್ಕೆ ನಿರೋಧಕವಾದುದು ಶಾಖಕ್ಕೆ ನಿರೋಧಕವಲ್ಲ. ನೀರು ಚೆನ್ನಾಗಿ ಮರಳಲು ಆರಂಭಿಸಿದ ಮೇಲೆ ಒಂದು ನಿಮಿಷ ಕುದಿಸಿ, ಮುಚ್ಚಿದ ಪಾತ್ರೆಯಲ್ಲಿ ಆರಿಸಿ ಬಳಸಬೇಕು.

ಪ್ರಶ್ನೆ: ನೀರಿನ ವರದಿಯಲ್ಲಿ ಇ. ಕೋಲೈ ಇಲ್ಲವೆಂದಿದೆ. ಹಾಗಾದರೆ ನಿರೋಧಕ ರೋಗಾಣುವೂ ಇಲ್ಲವೆಂದು ತಿಳಿಯಬಹುದೇ?
ಉತ್ತರ: ಆ ದಿನ, ಆ ಮಾದರಿಯಲ್ಲಿ ಮಲದ ಅಂಶವಿರಲಿಲ್ಲವೆಂದು ತಿಳಿಯಬಹುದು. ಇದರಿಂದ ಅಪಾಯ ಬಹಳ ಕಡಿಮೆಯೆಂದು ಹೇಳಬಹುದಾದರೂ ಶಾಶ್ವತ ಪ್ರಮಾಣಪತ್ರವೆಂದು ಪರಿಗಣಿಸುವಂತಿಲ್ಲ. ಮಳೆಗಾಲದ ಆರಂಭದಲ್ಲಿ ಮತ್ತು ಕೊಳವೆ ಕಾಮಗಾರಿಯ ನಂತರ ಮರುಪರೀಕ್ಷೆ ಸೂಕ್ತ.

ಪ್ರಶ್ನೆ: ಮನೆಯವರಿಗೆ ನಿರೋಧಕ ಸೋಂಕು ಎಂದು ವರದಿ ಬಂದಿದೆ. ನೀರೇ ಕಾರಣವೇ?
ಉತ್ತರ: ಒಂದು ವರದಿಯಿಂದ ನಿರ್ಧರಿಸಲಾಗದು. ಆಹಾರ, ಆಸ್ಪತ್ರೆಯ ವಾಸ, ಹಿಂದಿನ ಔಷಧ ಸೇವನೆ ಎಲ್ಲವೂ ಕಾರಣವಾಗಬಹುದು. ನಿರೋಧಕ ಬ್ಯಾಕ್ಟೀರಿಯಾಗಳು ಕಾಯಿಲೆ ತೋರದೆ ಕರುಳಿನಲ್ಲಿ ತಿಂಗಳುಗಟ್ಟಲೆ ಇರಬಹುದು. ಔಷಧ ಸಂವೇದನಾ ಪರೀಕ್ಷೆಯ ವರದಿಯನ್ನು ಜೋಪಾನವಾಗಿಟ್ಟು, ಮುಂದೆ ಯಾವ ವೈದ್ಯರ ಬಳಿ ಹೋದರೂ ತೋರಿಸಬೇಕು.

ಪ್ರಶ್ನೆ: ಹಿಂದಿನ ಬಾರಿ ಉಳಿದ ಮಾತ್ರೆಗಳನ್ನು ಬಳಸಬಹುದೇ?
ಉತ್ತರ: ಕೂಡದು. ಕೆಂಪು ಗೆರೆಯಿರುವ ಪಟ್ಟಿಯ ಔಷಧಗಳನ್ನು ವೈದ್ಯರ ಸಲಹೆಯಿಲ್ಲದೆ ಆರಂಭಿಸುವುದಾಗಲಿ, ನಿಲ್ಲಿಸುವುದಾಗಲಿ ಮಾಡಬಾರದು. ಉಳಿದ ಮಾತ್ರೆಗಳನ್ನು ಚರಂಡಿಗೆ ಎಸೆಯಲೂಬಾರದು.

9. ಉಪಸಂಹಾರ

ವಂಶವಾಹಿ ಅಧ್ಯಯನವು ಪ್ರಯೋಗಾಲಯದ ಕೆಲಸವೆಂದು ತೋರಿದರೂ ಅದರ ಆರಂಭವಿರುವುದು ಸರಿಯಾಗಿ ಪಡೆದ ಒಂದು ಬಾಟಲಿ ನೀರಿನಲ್ಲಿ, ದಿನಾಂಕ ನಮೂದಿಸಿದ ಒಂದು ದೂರಿನಲ್ಲಿ ಮತ್ತು ಕಾಯ್ದಿಟ್ಟ ಒಂದು ರೋಗಿಯ ವರದಿಯಲ್ಲಿ. ನೀರಿನ ಕಡತ ಮತ್ತು ರೋಗಿಯ ಕಡತಗಳು ಬೇರೆ ಬೇರೆ ಕಚೇರಿಗಳಲ್ಲಿ ಉಳಿಯುವವರೆಗೆ ಇವೆರಡರ ಸಂಬಂಧವು ಊಹೆಯಾಗಿಯೇ ಇರುತ್ತದೆ. ಎರಡನ್ನೂ ಒಟ್ಟಿಗೆ ಓದಿದಾಗ ಯಾವ ಬೀದಿಯ ಕೊಳವೆಯನ್ನು ಮೊದಲು ಬದಲಿಸಬೇಕೆಂಬುದು ಗೊತ್ತಾಗುತ್ತದೆ. ಸಾರ್ವಜನಿಕರು ಅರ್ಜಿ ಮತ್ತು ದೂರುಗಳಲ್ಲಿ ಮೇಲ್ಕಂಡ ವಿವರಗಳನ್ನು ತಪ್ಪದೆ ನಮೂದಿಸಿ ಸಹಕರಿಸಬೇಕಾಗಿ ಕೋರಲಾಗಿದೆ.